ನಮ್ಮ ಸಭೆಯವನಲ್ಲ

ಶುಕ್ರವಾರ ಬೆಳಗ್ಗೆ ಹನ್ನೊಂದು ಗಂಟೆಗೆ ನ್ಯಾಮತಿಯಲ್ಲಿ, ಪೊಲೀಸ್ ಠಾಣೆಯ ಹಿಂದಿನ ಅಂಗಳದಲ್ಲಿ, ಶಾಂತಿ ಸಭೆ ಇತ್ತು. ಆ ವರ್ಷ ಗಣೇಶನ ಹಬ್ಬಕ್ಕೂ ಈದ್ ಮಿಲಾದಿಗೂ ನಡುವೆ ಹತ್ತು ದಿನವೂ ಇರಲಿಲ್ಲ. ವಿದ್ಯುತ್ ಮೀಟರ್ ಓದುವ ಕೆಲಸದಿಂದ ನಿವೃತ್ತರಾದ ಜೀವರತ್ನ, ವಯಸ್ಸು ಅರವತ್ತೆರಡು, ಮುಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕ್ರೈಸ್ತ ಸಮುದಾಯದ ಪ್ರತಿನಿಧಿಯಾಗಿ ಕೂತಿದ್ದರು.

ಪ್ರತಿನಿಧಿ ಎಂಬ ಪದ ಅವರ ಮೈಗೆ ಯಾವತ್ತೂ ಸರಿಯಾಗಿ ಹೊಂದಿರಲಿಲ್ಲ. ಊರಲ್ಲಿ ಇದ್ದದ್ದು ಐದು ಕ್ರೈಸ್ತ ಮನೆಗಳು. ಚರ್ಚು ಇರುವುದು ಹೊನ್ನಾಳಿಯಲ್ಲಿ. ಭಾನುವಾರ ಬಸ್ಸಿನಲ್ಲಿ ಹೋಗಿ ಬರಬೇಕು. ಎಷ್ಟೋ ವರ್ಷದ ಹಿಂದೆ ಯಾವನೋ ಅಧಿಕಾರಿ, ಇಲ್ಲಿ ಕ್ರಿಶ್ಚಿಯನ್ನರು ಯಾರಿದ್ದಾರೆ ಎಂದು ಕೇಳಿದಾಗ, ಒಬ್ಬ ಪೇದೆ ತನ್ನ ಮನೆಯ ಮೀಟರ್ ಓದಲು ಬರುವವನ ಹೆಸರು ಹೇಳಿದ್ದ. ಅಲ್ಲಿಂದ ಪ್ರತಿ ಹಬ್ಬದ ಮುಂಚೆ ಠಾಣೆಯಿಂದ ಫೋನ್ ಬರುತ್ತದೆ: ಫಾದರ್, ಬರಬೇಕು. ಮೊದಮೊದಲು ಅವರು ತಿದ್ದುತ್ತಿದ್ದರು. ನಾನು ಫಾದರ್ ಅಲ್ಲ ಸರ್, ನಮ್ಮಲ್ಲಿ ಅಯ್ಯನವರು ಅಂತ ಬೇರೆ ಇದ್ದಾರೆ. ಹೌದಾ ಫಾದರ್, ಎಂದು ಆ ಕಡೆಯಿಂದ ಉತ್ತರ ಬರುತ್ತಿತ್ತು. ಆಮೇಲೆ ತಿದ್ದುವುದನ್ನು ಬಿಟ್ಟರು. ಜೀವಮಾನವೆಲ್ಲ ಮೀಟರಿನ ಮುಳ್ಳು ಎಲ್ಲಿ ನಿಂತಿದೆಯೋ ಅದನ್ನೇ ಬರೆದ ಮನುಷ್ಯ ಅವರು. ಯಾರದೋ ಮನೆಯ ಬಡತನ ನೋಡಿ ಒಂದು ಯೂನಿಟ್ ಕಡಿಮೆ ಬರೆದವರಲ್ಲ, ಯಾರ ಮೇಲಿನ ಸಿಟ್ಟಿಗೂ ಒಂದು ಯೂನಿಟ್ ಹೆಚ್ಚು ಬರೆದವರಲ್ಲ. ಹಾಗಿದ್ದೂ ವರ್ಷಕ್ಕೆ ಎರಡು ಮೂರು ಸಲ ತಾವು ಅಲ್ಲದ ಹೆಸರಿಗೆ ಎದ್ದು ನಿಂತು ಕೈಮುಗಿದು, ಪ್ರೀತಿ ಎಂದು ಆರಂಭಿಸಿ ಭಾವೈಕ್ಯ ಎಂದು ಮುಗಿಸಿ ಕೂರುತ್ತಿದ್ದರು. ಆ ಎರಡು ನಿಮಿಷದ ಮಾತಿನಲ್ಲಿ ಸುಳ್ಳು ಇರಲಿಲ್ಲ. ನಿಜವೂ ಹೆಚ್ಚೇನೂ ಇರಲಿಲ್ಲ.

"ಏನ್ ಫಾದರ್, ಈ ಸಲಾನೂ ಅದೇ ಕ್ಯಾಸೆಟ್ಟಾ?" ಪಕ್ಕದ ಕುರ್ಚಿಯಿಂದ ಅಲ್ಲಾಬಕ್ಷ್ ಬಾಗಿ ಕೇಳಿದರು. ಬಸ್ ನಿಲ್ದಾಣದ ಎದುರು ಬ್ಯಾಟರಿ ಅಂಗಡಿ ಇಟ್ಟವರು, ಮುಸ್ಲಿಂ ಸಮಾಜದ ಪರವಾಗಿ ಬರುವವರು. ಜೀವರತ್ನ ಫಾದರ್ ಅಲ್ಲವೆಂದು ಚೆನ್ನಾಗಿ ಗೊತ್ತಿದ್ದೇ ಹಾಗೆ ಕರೆಯುತ್ತಿದ್ದರು.

"ನಿಮ್ಮದೇನು ಹೊಸದಾ?"

"ನಂದೂ ಅದೇ. ಹಾಲು-ಸಕ್ಕರೆ. ಹೋದ ಸಲ ಹಾಲಿನ ರೇಟು ಏರೈತೆ ಅಂತ ಯಾರೋ ಹಿಂದಿನಿಂದ ಕೂಗಿದ್ರು."

ಜೀವರತ್ನ ನಗಲು ಪ್ರಯತ್ನಿಸಿದರು. ಅವರ ಕಣ್ಣು ಠಾಣೆಯ ಹಿಂದಿನ ಕೋಣೆಯ ಕಿಟಕಿಯಲ್ಲಿತ್ತು. ಕಿಟಕಿಯೊಳಗೆ ಒಂದು ಬೆಂಚು, ಬೆಂಚಿನ ಮೇಲೆ ಈ ಕಡೆ ಬೆನ್ನು ಮಾಡಿ ಕೂತ ಒಬ್ಬ ಯುವಕ, ಅವನ ಮಗ್ಗುಲಲ್ಲಿ ತಂತಿ ಸುರುಳಿ ಇಣುಕುವ ಕಪ್ಪು ಚೀಲ. ನೀಲಿ ಟೀ ಶರ್ಟಿನ ಬೆನ್ನ ಮೇಲೆ ಕ್ಯಾಮೆರಾ ಕಂಪನಿಯೊಂದರ ಹೆಸರು. ಆ ಕತ್ತು ಅವರಿಗೆ ಗೊತ್ತಿತ್ತು. ತಮ್ಮ ಮನೆಯ ಊಟದ ಮೇಜಿನ ಮೇಲೆ ಪ್ರಾರ್ಥನೆಗೆ ಬಗ್ಗಿದ್ದ ಕತ್ತು. ಅಂಗಳಕ್ಕೆ ಬರುವಾಗ ಆ ಕೋಣೆಯ ಬಾಗಿಲ ಮುಂದೆಯೇ ಹಾದು ಬಂದಿದ್ದರು; ಒಳಗೆ ಹೋಗಿ, ಏನಪ್ಪ ವಿನೋದ, ಇಲ್ಲಿ ಯಾಕೆ ಎಂದು ಕೇಳಬಹುದಿತ್ತು. ಬಾಗಿಲಲ್ಲಿ ಮೂರ್ನಾಲ್ಕು ಹುಡುಗರು ನಿಂತಿದ್ದರು. ಚಪ್ಪಲಿಗೆ ಕೆಸರಾಗಿತ್ತು. ಸಭೆಗೆ ತಡವಾಗಿತ್ತು. ತಡವಾಗಿರಲಿಲ್ಲ ಎಂಬುದು ಈಗ, ಸಭೆ ಶುರುವಾಗುವ ಮುಂಚೆ ಇಷ್ಟು ಹೊತ್ತು ಕೂತ ಮೇಲೆ, ಸ್ಪಷ್ಟವಾಗಿತ್ತು. ಆದರೂ ಮನಸ್ಸು ತಡವಾಗಿತ್ತು ಎಂಬ ಕಾರಣವನ್ನೇ ಮುಂದೆ ಹಿಡಿಯುತ್ತಿತ್ತು.

ವಿನೋದ ಜಗಳೂರು ತಾಲ್ಲೂಕಿನ ಬಿಳಿಚೋಡಿನವನು. ಕುರಿ ಸಾಕುವ ಮನೆತನ. ಪೆಟ್ರೋಲ್ ಬಂಕುಗಳಿಗೆ, ಅಂಗಡಿಗಳಿಗೆ ಕ್ಯಾಮೆರಾ ಕೂರಿಸುತ್ತ ಚನ್ನಗಿರಿ, ಕತ್ತಲಗೆರೆ, ಹೊನ್ನಾಳಿ ಎಂದು ಸುತ್ತುತ್ತಿದ್ದ. ದಾವಣಗೆರೆಯಲ್ಲಿ ಒಂದು ಟೈರ್ ಅಂಗಡಿಯ ಮಹಡಿಯ ಮೇಲೆ ನಡೆಯುವ ಪ್ರಾರ್ಥನೆಗೆ ಯಾರೋ ಕರೆದುಕೊಂಡು ಹೋಗಿ ವರ್ಷವಾಗಿತ್ತು. ಚನ್ನಗಿರಿಯಲ್ಲಿ ಒಂದು ಗೃಹಪ್ರವೇಶದ ಆರಾಧನೆಯಲ್ಲಿ ಪರಿಚಯವಾದವನು ಜೀವರತ್ನರನ್ನು ಅಂಕಲ್ ಎಂದ, ಅವರ ಹೆಂಡತಿ ಕೃಪಾವತಿಯನ್ನು ಅಮ್ಮ ಎಂದ. ಹುಟ್ಟಿನಿಂದ ಕ್ರೈಸ್ತರಾದವರನ್ನು ಅವನು ನೋಡುತ್ತಿದ್ದ ರೀತಿಯಲ್ಲಿ ಒಂದು ಬೆರಗಿತ್ತು. ಆ ಬೆರಗು ಜೀವರತ್ನರಿಗೆ ಮುಜುಗರ ತರುತ್ತಿತ್ತು, ಹಿತವೂ ಆಗುತ್ತಿತ್ತು. ಮೂರು ತಲೆಮಾರಿನ ನಂಬಿಕೆ ಎಂದರೆ ಅವರಿಗೆ ಭಾನುವಾರದ ಇಸ್ತ್ರಿ ಮಾಡಿದ ಅಂಗಿ, ಬಸ್ಸು, ಹಾಡಿನ ಸಾಲಿನಲ್ಲಿ ತಪ್ಪುವ ಶ್ರುತಿ, ಮಧ್ಯಾಹ್ನದ ಕೋಳಿ ಸಾರು. ಆ ಹುಡುಗನ ಕಣ್ಣಲ್ಲಿ ಅದು ಬೇರೆ ಏನೋ ಆಗಿತ್ತು.

ಸಬ್ ಇನ್‌ಸ್ಪೆಕ್ಟರ್ ಮಹಾಂತೇಶ್ ಮೈಕು ಹಿಡಿದು ಮೆರವಣಿಗೆಯ ದಾರಿ, ಧ್ವನಿವರ್ಧಕದ ಸಮಯ, ಫ್ಲೆಕ್ಸ್ ಕಟ್ಟಲು ಪಂಚಾಯ್ತಿಯ ಅನುಮತಿ ಎಲ್ಲ ಹೇಳಿ ಮುಗಿಸಿದ ಮೇಲೆ, ಒಬ್ಬ ಎದ್ದು ನಿಂತ. ಮೊಬೈಲ್ ಅಂಗಡಿಯ ಕೆಂಚೇಶ್. ಬಸ್ ನಿಲ್ದಾಣದಲ್ಲಿ ಹೂವು ಮಾರುವ ದುರುಗಕ್ಕನ ತಂಗಿಯ ಮಗ.

"ಸಾರ್, ಶಾಂತಿ ಶಾಂತಿ ಅಂತೀರಲ್ಲ. ಇವತ್ತು ಬೆಳಗ್ಗೆ ಏನಾಯ್ತು ಅಂತ ಎಲ್ರಿಗೂ ಗೊತ್ತಾಗ್ಲಿ. ನಮ್ಮ ದೊಡ್ಡವ್ವ ಹೂವಿನ ಪುಟ್ಟಿ ಇಟ್ಕಂಡು ಕುಂತಿದ್ಲು. ಒಳಗೆ ಕುಂತವನೆ ನೋಡ್ರಿ, ಅವ್ನು ಬಂದು ಹೇಳಿದ್ದಾನೆ. ಒಂದಕ್ಷರ ಸೇರಿಸ್ದೆ ಹೇಳ್ತೀನಿ. 'ಬೆಳಗ್ಗೆ ಏರಿಸಿದ ಹೂವು ಸಂಜೆಗೆ ಬಾಡ್ತದೆ. ಬಾಡಿದ್ದು ನಿಮ್ಮ ಕಲ್ಲಿಗೆ ಗೊತ್ತಾಗ್ತದಾ?' ಅಂದವ್ನೆ. ಶುಕ್ರವಾರ ದಿವ್ಸ. ಬಸ್ ಸ್ಟ್ಯಾಂಡಿನಾಗೆ. ಜನ ಸೇರಿ ಎರಡು ಬಿಡಾಕೆ ಹೋದ್ರು, ನಾನೇ ತಡೆದು ಇಲ್ಲಿಗೆ ಕರ್ಕಂಡು ಬಂದೆ. ನಾನೇನು ತಪ್ಪು ಮಾಡಿದ್ನಾ?"

ಇಲ್ಲ, ಅವನು ತಪ್ಪು ಮಾಡಿರಲಿಲ್ಲ. ಒಂದಕ್ಷರ ಸೇರಿಸಿರಲಿಲ್ಲ ಎಂಬುದನ್ನು ಆ ಅಂಗಳದಲ್ಲಿ ಖಚಿತವಾಗಿ ಹೇಳಬಲ್ಲವರು ಜೀವರತ್ನ ಒಬ್ಬರೇ. ಅದು ಅವರದೇ ಮಾತು. ಅವರದಲ್ಲ, ಅವರ ತಂದೆಯದು. ಆದರೆ ವಿನೋದನ ಕಿವಿಗೆ ಹೋದದ್ದು ಅವರ ಬಾಯಿಂದ, ಮೂರು ವಾರದ ಹಿಂದೆ, ಕೋಳಿ ಸಾರಿನ ಜೊತೆ. ಮೊದಲು ಮೂಡಿದ ಯೋಚನೆ ವಿನೋದನ ಕುರಿತಾದದ್ದಲ್ಲ. ಅವನು ಒಳಗೆ ಯಾರ ಹೆಸರು ಹೇಳಿದ್ದಾನೋ ಎಂಬುದು. ಎರಡನೆಯ ಯೋಚನೆ, ಮೊದಲನೆಯದು ಎಂಥ ಯೋಚನೆ ಎಂಬುದು.

ತಂದೆ ಸುವಾರ್ತಿಕರಾಗಿದ್ದರು. ಸಂತೆಯಿಂದ ಸಂತೆಗೆ ಸೈಕಲ್ಲಿನಲ್ಲಿ ಹೋಗಿ, ಮರದ ಕೆಳಗೆ ನಿಂತು ಒಂದು ಹಾಡು ಹಾಡಿ, ಜನ ಸೇರಿದರೆ ಮಾತಾಡುತ್ತಿದ್ದರು. ಆಗಿನವರ ಮಾತು ಒರಟು, ಕೇಳುವವರ ಉತ್ತರವೂ ಒರಟು. ಬೈದುಕೊಂಡು, ಒಂದೇ ಹೋಟೆಲಿನಲ್ಲಿ ಚಹಾ ಕುಡಿದು ಮನೆಗೆ ಹೋಗುತ್ತಿದ್ದರಂತೆ. ಹೊನ್ನಾಳಿಯ ಸಂತೆಯಲ್ಲಿ ತಂದೆ ಆ ಹೂವಿನ ಮಾತು ಎತ್ತಿದಾಗ, ಗುಂಪಿನಲ್ಲಿದ್ದ ಒಬ್ಬ ಮುದುಕಿ, ಅದಕ್ಕೆ ಗೊತ್ತಾಗದಿದ್ರೆ ಏನಾತು, ನನಗೆ ಗೊತ್ತಾಗ್ತದಲ್ಲ, ನಾಳೆ ಬ್ಯಾರೆ ತರ್ತೀನಿ ಎಂದಳಂತೆ. ಜನ ಹೋ ಎಂದು ನಕ್ಕರು. ತಂದೆಗೆ ಮುಂದಿನ ಮಾತು ತೋಚಲಿಲ್ಲ. ತಾವೂ ನಕ್ಕು, ಹಾಡು ಪುಸ್ತಕ ಚೀಲಕ್ಕೆ ಹಾಕಿ ಬಂದರು. ಆ ಮಾತನ್ನು ಮತ್ತೆ ಯಾವ ಸಂತೆಯಲ್ಲೂ ಆಡಲಿಲ್ಲ. ಮನೆಯಲ್ಲಿ ಈ ಕಥೆಯನ್ನು ಹೇಳುತ್ತಿದ್ದದ್ದೇ ತಂದೆ ಸೋತ ಕಥೆಯೆಂದು. ಮುದುಕಿಯ ಮಾತಿಲ್ಲದೆ ಅದಕ್ಕೆ ತಲೆ ಬುಡ ಇರಲಿಲ್ಲ.

ಆ ಭಾನುವಾರ ಜೀವರತ್ನ ಅದನ್ನೇ ಹೇಳಲು ಹೊರಟಿದ್ದರು. ತಂದೆಯ ದನಿಯಲ್ಲೇ, ಕೈಯೆತ್ತಿ, ಬಾಡಿದ್ದು ನಿಮ್ಮ ಕಲ್ಲಿಗೆ ಗೊತ್ತಾಗ್ತದಾ ಎಂದರು. ವಿನೋದ ತುತ್ತು ಕೆಳಗಿಟ್ಟು, ಕಣ್ಣು ಮುಚ್ಚಿ, ಆಮೆನ್ ಎಂದ. ಅಷ್ಟು ಗಟ್ಟಿಯಾಗಿ ಆ ಮನೆಯಲ್ಲಿ ಯಾರೂ ಆಮೆನ್ ಎಂದಿರಲಿಲ್ಲ. ಎಂಥ ಮಾತು ಅಂಕಲ್, ಎಂದ, ಕಣ್ಣಲ್ಲಿ ನೀರಿತ್ತು. ಜೀವರತ್ನ ಅರ್ಧ ಬಿಟ್ಟ ಬಾಯನ್ನು ಮುಚ್ಚಿದರು. ಮುದುಕಿ ಬಾಯೊಳಗೇ ಉಳಿದುಹೋದಳು. ಕೃಪಾವತಿ ಗಂಡನ ಮುಖ ನೋಡಿದಳು, ಇನ್ನಷ್ಟು ಸಾರು ಬಡಿಸಿದಳು. ರಾತ್ರಿ ಪಾತ್ರೆ ಒರೆಸುವಾಗ, ಆ ಅಜ್ಜಿ ಕಥೆ ಯಾಕೆ ಬಿಟ್ರಿ ಎಂದು ಕೇಳಿದಳು. ಮರೆತೆ, ಎಂದಿದ್ದರು.

"ದೂರು ಬಂದೈತೆ," ಮಹಾಂತೇಶ್ ಮೈಕು ಬಿಟ್ಟು ಮಾತಾಡಿದರು. "ಹಬ್ಬದ ಮುಂದೆ ಇದನ್ನ ದೊಡ್ಡದು ಮಾಡಾಕೆ ನನಗೂ ಇಷ್ಟ ಇಲ್ಲ. ಇಲ್ಲೇ ಎಲ್ಲ ಹಿರಿಯರೂ ಇದ್ದೀರಿ. ಫಾದರ್, ಆ ಹುಡುಗ ನಿಮ್ಮೋನಾದ್ರೆ ಹೇಳಿ. ನೀವು ಜವಾಬ್ದಾರಿ ತಗೊಂಡು, ಆ ಅಮ್ಮನ ಹತ್ರ ಒಂದು ಕ್ಷಮೆ ಕೇಳ್ಸಿ, ಇಲ್ಲಿಗೇ ಮುಗೀತದೆ. ನಿಮ್ಮೋನಲ್ಲ ಅಂದ್ರೆ ನಾನು ಕೇಸ್ ಮಾಡ್ಕಬೇಕಾಗ್ತದೆ, ಅವನ ಕೆಲಸಾನೂ ಹೋಗ್ತದೆ. ನಿಮ್ಮೋನೇನ್ರಿ?"

ಸರಳವಾದ ಪ್ರಶ್ನೆ. ನ್ಯಾಯವಾದ ಪ್ರಶ್ನೆ. ಜೀವರತ್ನ ಎದ್ದು ನಿಂತರು. ಅಭ್ಯಾಸಬಲದಿಂದ ಕೈ ತಾನಾಗಿ ಮುಗಿಯಿತು. ಕುರ್ಚಿಗಳಲ್ಲಿ ಕೂತಿದ್ದ ಮುಖಗಳೆಲ್ಲ ಗೊತ್ತಿದ್ದವೇ. ಎಲ್ಲರ ಮನೆಯ ಜಗುಲಿ, ಮೀಟರ್ ಪೆಟ್ಟಿಗೆ, ಅದರ ಹಿಂದಿನ ಹಲ್ಲಿ ಕೂಡ ಗೊತ್ತಿತ್ತು. ಮೂವತ್ತು ವರ್ಷ ಆ ಮನೆಗಳ ನೀರು ಕುಡಿದಿದ್ದರು. ಅವನು ನಮ್ಮವನು ಎಂದರೆ, ಆ ಮಾತು ನಿಮ್ಮವರದು ಎಂದಾಗುತ್ತದೆ. ಐದು ಮನೆಗಳ ಮೇಲೆ ಬರುತ್ತದೆ. ಆ ಮಾತು ನನ್ನದು ಎಂದರೆ, ಮೂವತ್ತು ವರ್ಷ ನಮ್ಮ ಜಗುಲಿಯಲ್ಲಿ ನಿಂತು ನೀನು ಒಳಗೊಳಗೇ ಇದನ್ನೇ ಯೋಚಿಸುತ್ತಿದ್ದೆಯಾ ಎಂದು ಕೇಳುತ್ತಾರೆ. ಯೋಚಿಸುತ್ತಿರಲಿಲ್ಲ. ಯೋಚಿಸುತ್ತಿದ್ದೆನೇ? ಮುದುಕಿಯ ಕಥೆಯನ್ನು ಈಗ ಹೇಳಿಬಿಟ್ಟರೆ ಜನ ನಗಬಹುದು, ನಕ್ಕರೆ ಮುಗಿಯುತ್ತದೆ, ನಗದಿದ್ದರೆ? ನಾಲಗೆ ಇವುಗಳಲ್ಲಿ ಅತ್ಯಂತ ಖಚಿತವಾದದ್ದನ್ನು ಹುಡುಕಿತು. ಮುಳ್ಳು ನಿಂತಲ್ಲಿ ನಿಂತಿತು.

"ಅವನು ನಮ್ಮ ಸಭೆಯವನಲ್ಲ ಸರ್," ಎಂದರು. ಹೊನ್ನಾಳಿಯ ಸಭೆಯಲ್ಲಿ, ಅಂದರೆ ಚರ್ಚಿನ ಪಟ್ಟಿಯಲ್ಲಿ, ಅವನ ಹೆಸರಿಲ್ಲ. ಇದರಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ. ಅಲ್ಲಿಗೆ ಕೂತಿದ್ದರೆ, ಸಂಜೆಯವರೆಗೂ ಆ ವಾಕ್ಯವನ್ನು ತಮಗೆ ತಾವೇ ಸಮರ್ಥಿಸಿಕೊಳ್ಳಬಹುದಿತ್ತೇನೋ. ಆದರೆ ಮುಖಗಳು ಇನ್ನೂ ಕಾಯುತ್ತಿದ್ದವು, ಆ ಕಾಯುವಿಕೆಯನ್ನು ತಾಳಲಾರದೆ ಬಾಯಿ ಇನ್ನೊಂದನ್ನು ಹೇಳಿತು. "ನಾವು ಅಂಥ ಮಾತು ಆಡೋರಲ್ಲ."

ಚಪ್ಪಾಳೆ ಬಿತ್ತು. ಕೆಂಚೇಶನೂ ತಟ್ಟಿದ. "ಫಾದರ್ ಸುದ್ದಿ ನಾವು ಎತ್ತೇ ಇಲ್ಲ ಸಾರ್, ಅವ್ರು ದೇವ್ರಂಥೋರು," ಎಂದ. ಕಿಟಕಿಯೊಳಗಿನ ಕತ್ತು ಈ ಕಡೆ ತಿರುಗಲಿಲ್ಲ. ಅಲ್ಲಿಗೆ ಧ್ವನಿ ಕೇಳಿಸಿರಲಿಕ್ಕಿಲ್ಲ, ಫ್ಯಾನು ಓಡುತ್ತಿತ್ತು. ಕೇಳಿಸಿದ್ದರೆ ತಿರುಗುತ್ತಿದ್ದ. ಅಥವಾ ಕೇಳಿಸಿದ್ದರಿಂದಲೇ ತಿರುಗಲಿಲ್ಲ.

ಆಮೇಲೆ ಚಹಾ, ಖಾರಾ ಮಂಡಕ್ಕಿ, ಫೋಟೊ. ಎಲ್ಲರೂ ಕೈ ಕೈ ಹಿಡಿದು ಎತ್ತಬೇಕು ಎಂದು ಫೋಟೊದವನು ಹೇಳಿದ, ಎತ್ತಿದರು. ಕೈ ಇಳಿಸಿದ ಮೇಲೂ ಅಲ್ಲಾಬಕ್ಷ್ ಜೀವರತ್ನರ ಬೆರಳು ಬಿಡಲಿಲ್ಲ. ದನಿ ತಗ್ಗಿಸಿ, ಮಂಡಕ್ಕಿ ಅಗಿಯುತ್ತಲೇ ಹೇಳಿದರು: "ಆ ಹುಡುಗ ಆವತ್ತು ನಿಮ್ಮ ಮನಿ ಎಲ್ಲೈತೆ ಅಂತ ಕೇಳಿದ್ದು ನನ್ನ ಅಂಗಡೀಲೇ. ಯಾರ ಮನಿಗಪ್ಪ ಅಂದೆ. ನಮ್ಮ ಅಂಕಲ್ ಮನಿಗೆ ಅಂದ." ಜೀವರತ್ನ ಏನೋ ಹೇಳಲು ಹೋದರು. "ನಾನೇನೂ ಹೇಳಾಕಿಲ್ಲ ಬಿಡ್ರಿ. ನನ್ನ ಅಕ್ಕನ ಮಗ ಒಬ್ಬ ಅವ್ನೆ, ಅವನ ವಿಚಾರಕ್ಕೆ ಇದೇ ಕುರ್ಚೀಲಿ ಕುಂತು, ಅವನು ನಮ್ಮ ಮೊಹಲ್ಲಾದೋನೇ ಅಲ್ಲ ಸಾಹೇಬ್ರೆ ಅಂದಿದ್ದೆ. ನಿಜಾನೇ. ಅವ್ನು ಬ್ಯಾರೆ ಓಣಿಯೋನು." ಅಲ್ಲಾಬಕ್ಷ್ ನಕ್ಕರು. ಆ ನಗುವಿನಲ್ಲಿ ಕ್ಷಮೆ ಇತ್ತೋ, ತಮ್ಮ ಸಾಲಿಗೆ ಇನ್ನೊಬ್ಬ ಸಿಕ್ಕ ಸಮಾಧಾನ ಇತ್ತೋ, ಜೀವರತ್ನರಿಗೆ ತಿಳಿಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಮನೆಯ ದಾರಿ ಎಡಕ್ಕೆ. ಅವರು ಬಲಕ್ಕೆ, ಬಸ್ ನಿಲ್ದಾಣದ ಕಡೆಗೆ ನಡೆದರು. ದುರುಗಕ್ಕನ ಬಳಿ ಏನು ಹೇಳಬೇಕೆಂದು ನಿರ್ಧರಿಸಿರಲಿಲ್ಲ. ನಿರ್ಧರಿಸಲು ಹೋದರೆ ಮತ್ತೆ ಎಡಕ್ಕೆ ತಿರುಗುತ್ತೇನೆಂಬ ಭಯಕ್ಕೆ ಬೇಗ ಬೇಗ ಹೆಜ್ಜೆ ಹಾಕಿದರು. ದಾರಿಯಲ್ಲಿ, ತಮಗೇ ನಾಚಿಕೆಯಾಗುವ ಹಾಗೆ, ಒಂದು ಆಸೆ ತಲೆಯೆತ್ತಿತು: ಇವಳೂ ಹೊನ್ನಾಳಿಯ ಆ ಮುದುಕಿಯಂತೆ ಒಂದು ಮಾತು ಹೇಳಿಬಿಟ್ಟರೆ, ಎಲ್ಲ ನೆಟ್ಟಗಾಗುತ್ತದೆ.

ದುರುಗಕ್ಕ ಸೇವಂತಿಗೆ ಮಾಲೆಗಳ ಮೇಲೆ ನೀರು ಚಿಮುಕಿಸುತ್ತಿದ್ದಳು. "ಏನ್ ಮೀಟ್ರಣ್ಣ, ರಿಟೇರ್ ಆದ ಮ್ಯಾಲೆ ಕಾಣದಂಗಾದೆ."

"ದುರುಗಕ್ಕ, ಬೆಳಗ್ಗೆ ಆ ಹುಡುಗ ಏನೋ ಅಂದನಂತಲ್ಲ..."

"ಅಂದ್ನಲ್ಲ! ಇನ್ನಾ ಬೋಣಿ ಆಗಿರ್ಲಿಲ್ಲ ಕಣಣ್ಣ. ಇಬ್ಬರು ಹೆಣ್ಮಕ್ಳು ಮಾಲೆ ಹಿಡ್ಕಂಡು ರೇಟು ಕೇಳ್ತಿದ್ರು. ಅಂಥ ಹೊತ್ನಾಗೆ ಬಂದು ಬಾಡ್ತದೆ ಬಾಡ್ತದೆ ಅಂತ ಶುರು ಹಚ್ಕಂಡ. ಅವ್ರು ಮಾಲೆ ಇಟ್ಟು ಮುಂದಕ್ಕೋದ್ರು. ಬೋಣಿ ಹೊತ್ನಾಗೆ ಹಂಗಂದ್ರೆ ದಿನವೆಲ್ಲ ಏನಾಗಬೇಕು? ಬಾಯಿಗೆ ಬಂದಂಗೆ ಬೈದೆ. ಅಷ್ಟರಾಗೆ ನಮ್ಮ ಕೆಂಚ ಎಲ್ಲಿಂದ ಬಂದ್ನೋ, ದೇವ್ರಿಗಂದ ದೇವ್ರಿಗಂದ ಅಂತ ಜನ ಸೇರಿಸ್ದ."

"ದೇವರಿಗೆ ಅಂದದ್ದು ನಿನಗೆ ಬೇಜಾರಾಗ್ಲಿಲ್ವಾ?"

"ಆಗ್ದೆ ಇರ್ತದಾ? ಆದ್ರೆ ಆ ತಾಯಿ ವಿಚಾರ ಆಕಿ ನೋಡ್ಕಂತಾಳೆ. ನನ್ನ ಹೂವಿನ ವಿಚಾರ ಯಾರು ನೋಡ್ಕಂತಾರೆ?"

"ಆ ಮಾತು ಅವನದಲ್ಲ ದುರುಗಕ್ಕ. ನಂದು. ನಾನೇ ಮನೇಲಿ ಕೂತು ಹೇಳಿದ್ದು."

ದುರುಗಕ್ಕ ನೀರು ಚಿಮುಕಿಸುವುದನ್ನು ನಿಲ್ಲಿಸಿದಳು. "ನೀನಾ? ನನ್ನ ಹೂವಿಗೇನಾಗೈತೆ ಅಂತ ನೀನಂದೆ? ಕ್ರಿಸ್ಮಸ್ಸಿಗೆ ನಿಮ್ಮ ಮನಿಯಾಕಿ ನನ್ನತ್ರಾನೇ ಮಲ್ಲಿಗೆ ಒಯ್ತಾಳೆ. ಒಂದಿನ ಬಾಡಿದ್ದು ಕೊಟ್ಟಿದ್ನಾ?"

ವಿವರಿಸಲು ಬಾಯಿ ತೆರೆದರು. ನಿನ್ನ ಹೂವಿನ ಬಗ್ಗೆ ಅಲ್ಲ, ಹೂವು ಎಂಬುದರ ಬಗ್ಗೆ, ಕಲ್ಲು ಎಂಬುದರ ಬಗ್ಗೆ, ನಮ್ಮಪ್ಪ, ಒಂದು ಸಂತೆ, ಒಬ್ಬ ಮುದುಕಿ. ಹೇಳಿದಷ್ಟೂ ಇನ್ನಷ್ಟು ಕೆಟ್ಟದಾಗುವ ಮಾತು. "ತಪ್ಪಾಯ್ತು," ಎಂದಷ್ಟೇ ಅಂದರು. ಯಾವುದಕ್ಕೆ ತಪ್ಪಾಯಿತೆಂದು ಅವಳಿಗೆ ಅರ್ಥವಾಯಿತೋ ಅದಕ್ಕೆ ಅವರು ಕ್ಷಮೆ ಕೇಳಿರಲಿಲ್ಲ. ಯಾವುದಕ್ಕೆ ಕೇಳಿದರೋ ಅದು ಅವಳಿಗೆ ಬೇಕಿರಲಿಲ್ಲ. "ಅವನ ಮೇಲೆ ಕೇಸ್ ಮಾಡ್ತಾರಂತೆ. ಕೆಲಸ ಹೋಗುತ್ತೆ."

"ಅಯ್ಯೋ ಯಾಕ? ನಾ ಬೈದೀನಲ್ಲ, ತೀರ್ತಲ್ಲ." ದುರುಗಕ್ಕ ಸೀರೆಯ ಸೆರಗು ಸಿಕ್ಕಿಸಿ ಎದ್ದಳು. "ಈ ಕೆಂಚಂಗೆ ಮೈಯಾಗೆ ಕೊಬ್ಬು. ನಡಿ, ನಾ ಹೇಳ್ತೀನಿ. ನೀ ಬ್ಯಾಡ, ನೀ ಇಲ್ಲೇ ಕುತ್ಕ. ಪುಟ್ಟಿ ಬಿಟ್ರೆ ಆಕಳು ಬರ್ತದೆ."

ಹಾಗೆ ಜೀವರತ್ನ ಗೋಣಿತಾಟಿನ ಮೇಲೆ, ಹೂವಿನ ಪುಟ್ಟಿಯ ಹಿಂದೆ ಕೂತರು. ಎದುರಿನ ಬ್ಯಾಟರಿ ಅಂಗಡಿಯಲ್ಲಿ ಅಲ್ಲಾಬಕ್ಷ್ ಇನ್ನೂ ಬಂದಿರಲಿಲ್ಲ. ಅದಕ್ಕೆ ದೇವರಿಗೆ ಸ್ತೋತ್ರ ಎಂದುಕೊಂಡರು, ಎಂದುಕೊಂಡದ್ದಕ್ಕೆ ನಾಚಿದರು. ಒಬ್ಬ ಹೆಂಗಸು ಬಂದು, ಚೌಡಮ್ಮನ ಗುಡಿಗೆ, ಎರಡು ಮೊಳ ಕೊಡ್ರಿ ಎಂದಳು. ಕೊಡಬಹುದೇ? ತಂದೆ ಏನನ್ನುತ್ತಿದ್ದರು, ಅಯ್ಯನವರು ಏನನ್ನುತ್ತಾರೆ, ಠಾಣೆಯ ಬೆಂಚಿನ ಮೇಲಿರುವವನು ಇದನ್ನು ಕಂಡರೆ ಏನನ್ನುತ್ತಾನೆ? ಹೆಂಗಸು ಕೈ ಚಾಚಿ ನಿಂತಿದ್ದಳು. ಅವಳ ಬಸ್ಸು ಹಾರ್ನ್ ಹಾಕುತ್ತಿತ್ತು. ಮಾಲೆಯ ತುದಿಯನ್ನು ಮೊಣಕೈಗೆ ಹಿಡಿದು ನಡುಬೆರಳ ತುದಿಯವರೆಗೆ ಎಳೆದರು, ಮತ್ತೊಮ್ಮೆ ಎಳೆದರು. ಹೂವು ತಣ್ಣಗಿತ್ತು, ತೋಳಿನ ಮೇಲೆ ನೀರು ಇಳಿಯಿತು. "ನಿಮ್ಮ ಮೊಳ ಭಾರಿ ಉದ್ದ ಐತೆ, ದಿನಾ ನೀವೇ ಕುತ್ಕಳ್ರಿ," ಎಂದು ನಗುತ್ತ ಅವಳು ಬಸ್ಸು ಹತ್ತಿದಳು. ಆ ಇಡೀ ದಿನದಲ್ಲಿ ಯಾರಿಗಾದರೂ ನಿಜವಾಗಿ ಒಳ್ಳೆಯದೇನಾದರೂ ಮಾಡಿದ್ದರೆ ಅದು ಇದೊಂದೇ ಎನ್ನಿಸಿತು. ಇದು ಯಾವ ಲೆಕ್ಕಕ್ಕೆ ಸೇರುತ್ತದೆ ಎಂಬುದು ಗೊತ್ತಾಗಲಿಲ್ಲ.

ದುರುಗಕ್ಕ ಬಂದಾಗ ವಿನೋದ ಅವಳ ಹಿಂದೆಯೇ ಇದ್ದ. ಅವಳು ಠಾಣೆಯಲ್ಲಿ, ನನ್ನ ಹೂವು, ನನ್ನ ಬಾಯಿ, ನಾನೇ ಬೈದಿದ್ದೀನಿ, ದೂರು ಗೀರು ಏನಿಲ್ಲ ಎಂದಿದ್ದಳು. ಕೆಂಚೇಶನನ್ನು ಎಲ್ಲರೆದುರು ಅವನ ಚಿಕ್ಕಂದಿನ ಅಡ್ಡಹೆಸರಿನಿಂದ ಕರೆದಿದ್ದಳು. ಮಹಾಂತೇಶ್ ನಕ್ಕು, ಹುಡುಗನಿಗೆ ಬುದ್ಧಿ ಹೇಳಿ ಕಳಿಸಿದ್ದರು. ದುರುಗಕ್ಕ ಪುಟ್ಟಿ ನೋಡಿ, "ಎಷ್ಟು ಮೊಳ ಕೊಟ್ಟೆ? ಅರ್ಧ ಮಾಲೀನೇ ಹೋಗೈತೆ!" ಎಂದು ಜೀವರತ್ನರಿಗೆ ಬೈದಳು. ಎಲ್ಲ ಮುಗಿದಿತ್ತು. ಅವರ ಹೆಸರು ಎಲ್ಲೂ ಬಂದಿರಲಿಲ್ಲ. ವಿನೋದ ಅದನ್ನು ಹೇಳಿರಲೇ ಇಲ್ಲ.

ವಿನೋದ ಹತ್ತಬೇಕಾದ ಹೊನ್ನಾಳಿ ಕಡೆಯ ಬಸ್ಸಿಗೆ ಕಾಯುತ್ತ ಇಬ್ಬರೂ ತಗಡಿನ ಸೂರಿನ ಕೆಳಗೆ ನಿಂತರು. ವಿನೋದನ ತುಟಿಯ ಬಳಿ ಸ್ವಲ್ಪ ಊದಿತ್ತು. "ಊಟ ಮಾಡ್ಕಂಡು ಹೋಗು," ಎಂದರು ಜೀವರತ್ನ. "ಇಲ್ಲ ಅಂಕಲ್, ನೀವು ಬಂದಿದ್ದೇ ಸಾಕು," ಎಂದ. ಹಾಗಾದರೆ ಅಂಗಳದ ಮಾತು ಕೇಳಿಸಿರಲಿಲ್ಲ; ಇವರು ತನಗಾಗಿಯೇ ಬಂದರೆಂದು ತಿಳಿದಿದ್ದಾನೆ. ಸುಮ್ಮನಿರಬಹುದಿತ್ತು. ಸುಮ್ಮನಿದ್ದರೆ ಯಾರಿಗೂ ನಷ್ಟವಿರಲಿಲ್ಲ, ಅವನಿಗೆ ಊದಿದ ತುಟಿಯ ಮೇಲೆ ಒಬ್ಬ ಅಂಕಲ್ ಉಳಿಯುತ್ತಿದ್ದ. ನಿಜ ಹೇಳುವುದಕ್ಕೆ ಇದಕ್ಕಿಂತ ಕೆಟ್ಟ ಹೊತ್ತು ಇರಲಾರದು ಎಂದು ಬುದ್ಧಿ ಹೇಳುತ್ತಿತ್ತು. ಇವತ್ತು ಬೆಳಗಿನಿಂದ ಆ ಬುದ್ಧಿ ಹೇಳಿದ್ದನ್ನೆಲ್ಲ ಕೇಳಿಯಾಗಿತ್ತು.

"ಸಭೇಲಿ ನಿನ್ನ ಬಗ್ಗೆ ಕೇಳಿದ್ರು. ನಮ್ಮ ಸಭೆಯವನಲ್ಲ ಅಂದುಬಿಟ್ಟೆ."

ವಿನೋದ ಬಸ್ಸು ಬರುವ ದಾರಿ ನೋಡಿದ. "ಹೌದಲ್ಲ ಅಂಕಲ್. ನಾನು ದಾವಣಗೆರೆ ಸಭೆ."

ಅವನು ಅದನ್ನು ವ್ಯಂಗ್ಯವಿಲ್ಲದೆ ಹೇಳಿದ. ಅದಕ್ಕೇ ಜೀವರತ್ನರಿಗೆ ಅಲ್ಲಿಗೆ ನಿಲ್ಲಿಸಲಾಗಲಿಲ್ಲ. ಮುದುಕಿಯ ಕಥೆಯನ್ನು ಹೇಳಿದರು. ತಂದೆಯ ದನಿ ತೆಗೆಯಲಿಲ್ಲ, ಕೈಯೆತ್ತಲಿಲ್ಲ. ವರದಿ ಒಪ್ಪಿಸುವವರಂತೆ ಹೇಳಿದರು. ಜನ ನಕ್ಕದ್ದು, ತಂದೆ ನಕ್ಕದ್ದು, ಆ ಮಾತನ್ನು ಮತ್ತೆಂದೂ ಆಡದ್ದು. ನೀನು ಆಮೆನ್ ಅಂದೆ, ನನಗೆ ಖುಷಿಯಾಯಿತು, ಉಳಿದದ್ದು ಬಿಟ್ಟೆ, ಎಂದರು.

"ಹಂಗಾದ್ರೆ ಅದು ತಮಾಷೆನಾ?"

"ತಮಾಷೆ ಅಲ್ಲ... ಹೌದು. ನಮ್ಮಪ್ಪ ಸೋತಿದ್ದು ಅದು."

ವಿನೋದ ಚೀಲವನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಿಸಿದ. ಮಾತಾಡಿದಾಗ ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಏನನ್ನೋ ಲೆಕ್ಕ ಹಾಕುವ ಗೊಂದಲವಿತ್ತು. "ಹೋದ ವಾರ ನಮ್ಮಪ್ಪನ ವರ್ಷದ ದಿನ ಇತ್ತು ಅಂಕಲ್. ಅವ್ವ ಸಮಾಧಿ ಹತ್ರ ಹೂವ ಹಿಡ್ಕಂಡು ನಿಂತಿದ್ಲು. ನೀನು ಏರಿಸಪ್ಪ, ಮಗ ನೀನು ಅಂದ್ಲು. ನಾನು ಮುಟ್ಟಲಿಲ್ಲ. ನಿಮ್ಮ ಮಾತೇ ಹೇಳ್ದೆ ಅವಳಿಗೆ. ಅವ್ವ ಏನೂ ಅನ್ನಲಿಲ್ಲ. ನಿಮ್ಮ ಕಥೆ ಅಜ್ಜಿ ಅಂದಂಗೆ ಅವಳು ಏನೂ ಅನ್ನಲಿಲ್ಲ."

ಪ್ರತಿ ಈಸ್ಟರ್ ಭಾನುವಾರ, ಬೆಳಕು ಹರಿಯುವ ಮುಂಚೆ, ಹೊನ್ನಾಳಿಯ ಕ್ರೈಸ್ತ ಸ್ಮಶಾನದಲ್ಲಿ ಜೀವರತ್ನ ತಮ್ಮ ತಂದೆಯ ಕಲ್ಲಿನ ಮೇಲೆ ಹೂವಿಡುತ್ತಿದ್ದರು. ಮಲ್ಲಿಗೆ, ದುರುಗಕ್ಕನದೇ. ಅದು ನಾಲಗೆಯ ತುದಿಗೆ ಬಂತು. ನಾವೂ ಇಡುತ್ತೇವೆ ವಿನೋದ, ಎಲ್ಲ ಕ್ರೈಸ್ತರೂ ಇಡುತ್ತಾರೆ, ನೀನು ಇಟ್ಟಿದ್ದರೆ ಏನೂ ತಪ್ಪಿರಲಿಲ್ಲ. ಅವನ ಮುಖ ನೋಡಿದರು. ಹೇಳಲಿಲ್ಲ. ಅದು ದಯೆಯೋ, ಇನ್ನೊಂದು ಸಲ ಬಿಟ್ಟ ಅರ್ಧವೋ, ಬಸ್ಸು ಬಂದು ನಿಂತಾಗಲೂ ಗೊತ್ತಾಗಿರಲಿಲ್ಲ.

"ಇದನ್ನ ಈಗ ಯಾಕೆ ಹೇಳಿದ್ರಿ ಅಂಕಲ್?" ಎಂದು ಮೆಟ್ಟಿಲ ಮೇಲೆ ನಿಂತು ಕೇಳಿದ ವಿನೋದ. ಅವನಿಗೆ ನಿಜವಾಗಿಯೂ ಉತ್ತರ ಬೇಕಿತ್ತು. ಕಂಡಕ್ಟರ್ ಸೀಟಿ ಊದಿದ.

ಬುಧವಾರ ಜೀವರತ್ನ ವಿನೋದನಿಗೆ ಫೋನ್ ಮಾಡಿದರು. ಎತ್ತಿದ್ದು ಒಬ್ಬ ಹೆಂಗಸು. "ಅವ್ನು ಕುರಿ ಹೊಡ್ಕಂಡು ಹೋಗ್ಯಾನೆ. ಫೋನು ಮನ್ಯಾಗೆ ಬಿಟ್ಟಾನೆ. ನಾನು ಅವ್ನ ತಾಯಿ. ಯಾರು ಅಂತ ಹೇಳ್ಲಿ?"

"ನ್ಯಾಮತಿ ಜೀವರತ್ನ ಅಂತ ಹೇಳ್ರಿ ಅವ್ವ."

"ಏನಾಗಬೇಕು ನೀವು ಅವನಿಗೆ?"

ಕೃಪಾವತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. "ನಮ್ಮ ಮನೇಲಿ ಒಂದಿನ ಉಂಡಿದ್ದ," ಎಂದರು ಜೀವರತ್ನ.

"ಹೌದಾ. ಬಂದ್ರೆ ಹೇಳ್ತೀನಿ ಬಿಡಪ್ಪ," ಎಂದು ಆಕೆ ಫೋನ್ ಇಟ್ಟಳು.

ವಿನೋದ ತಿರುಗಿ ಫೋನ್ ಮಾಡಲಿಲ್ಲ.